ಆಕ್ಷೇಪಣೆ ಸಂಖ್ಯೆ ಹದಿನೇಳು

ಪುರಸಭೆ ಕಚೇರಿ, ಪರವಾನಗಿ ಶಾಖೆ
ಫೆಬ್ರುವರಿ 6

ಮಾಲೀಕರಿಗೆ,
ಬಿಯರ್ ಅಂಗಡಿ, ಸೇತುವೆಯ ಆಚೆ ತುದಿ

ವಿಷಯ: ಬಿಯರ್ ಮಾರಾಟದ ಮೇಲಿನ ನಿಷೇಧ ತೆಗೆಯುವ ಬಗ್ಗೆ

ಊರ ಗಡಿಯೊಳಗೆ ಬಿಯರ್ ಮಾರುವುದನ್ನೂ ಹೊರಗಿನಿಂದ ಬಾಟಲಿ ತರುವುದನ್ನೂ ಮೂವತ್ತೊಂದು ವರ್ಷಗಳಿಂದ ನಿಷೇಧಿಸಲಾಗಿದೆ. ಈ ನಿಷೇಧವನ್ನು ತೆಗೆದು, ಮನೆಗೆ ಒಯ್ಯುವವರಿಗೆ ಮುಚ್ಚಳ ತೆಗೆಯದ ಬಾಟಲಿಗಳನ್ನು ಮಾರಲು ಊರಿನ ದಿನಸಿ ಅಂಗಡಿಗಳಿಗೆ ಅನುಮತಿ ಕೊಡುವ ಪ್ರಸ್ತಾವ ಪುರಸಭೆಯ ಮುಂದಿದೆ. ಗಡಿಯಾಚೆ ಇದ್ದು ಈ ಕಚೇರಿಯಿಂದಲೇ ಪರವಾನಗಿ ಪಡೆದಿರುವ ಮೂರು ಬಿಯರ್ ಅಂಗಡಿಗಳವರೂ ಊರಿನವರೂ ಆಕ್ಷೇಪಣೆ ಇದ್ದಲ್ಲಿ ಮಾರ್ಚ್ 15ರ ಸಂಜೆ ಐದರೊಳಗೆ ಬರೆದು ಸಲ್ಲಿಸತಕ್ಕದ್ದು. ಬಂದ ಆಕ್ಷೇಪಣೆಗಳನ್ನೆಲ್ಲ ಮಾರ್ಚ್ 27ರ ಸಭೆಯಲ್ಲಿ ಪೂರ್ತಿಯಾಗಿ ಓದಲಾಗುವುದು.

ಗುಮಾಸ್ತೆ, ಪರವಾನಗಿ ಶಾಖೆ

ಅಣ್ಣಾ, ಮೇಲಿನ ಟೈಪು ಕಚೇರಿಯದು, ಈ ಕೈಬರಹ ನನ್ನದು. ಲಕೋಟೆಯ ಮೇಲೆ ನಿನ್ನ ವಿಳಾಸ ಬರೆಯುವಾಗ ಕೈ ತಡೆಯಿತು. ಬರೆದು ಏಳು ವರ್ಷವಾಗಿತ್ತು. ಇದು ಜಾರಿಯಾದರೆ ನಿನ್ನ ಅಂಗಡಿಯ ಗತಿ ಏನೆಂದು ನಿನಗೇ ಗೊತ್ತು. ತಡಮಾಡದೆ ಆಕ್ಷೇಪಣೆ ಬರೆ. ಒಂದು ಹಾಳೆ ಸಾಕು. ನೀನು ಬರೆಯಲು ಕೂತರೆ ಪುರಾಣವಾಗುತ್ತದೆ, ಅದಕ್ಕೇ ಮೊದಲೇ ಹೇಳಿದೆ.


ಸೇತುವೆ ತುದಿ
ಫೆಬ್ರುವರಿ 12

ತಂಗೀ,

ನೋಟಿಸು ಬಂತು. ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಳ್ಳುತ್ತಲೇ, ‘ಏನ್ರೀ, ಅಂಗಡಿ ಮುಚ್ಚಿಸ್ತಾರಂತೆ?’ ಎಂದು ಕೇಳಿದ. ಲಕೋಟೆ ನಾನಿನ್ನೂ ಒಡೆದಿರಲಿಲ್ಲ. ಕೆಳಗೆ ನೀನು ಬರೆದದ್ದನ್ನು ಮೊದಲು ಓದಿದೆ, ಮೇಲಿನದನ್ನು ಆಮೇಲೆ. ನಿನ್ನ ಅತ್ತಿಗೆ ಎರಡು ಸಲ ಓದಿಸಿಕೊಂಡಳು. ಕೇಳಿ ಮೊಟ್ಟೆ ಬೇಯಿಸಲು ಒಳಗೆ ಹೋದಳು.

ಮೊನ್ನೆ ಮಧ್ಯಾಹ್ನ ನಮ್ಮ ಲೆಕ್ಕದ ಮೇಷ್ಟ್ರು ಅಂಗಡಿಗೆ ಬಂದಿದ್ದರು. ನಂಬಲಿಕ್ಕಾಗುತ್ತದೆಯೇ? ಮದ್ಯಪಾನ ವಿರೋಧಿ ಸಂಘ ಕಟ್ಟಿ ಈ ನಿಷೇಧ ತಂದವರೇ ಅವರು. ಬಾಗಿಲಲ್ಲಿ ನಿಂತು ಒಳಗೆ ಇಣುಕಿದರು. ಒಳಗಿದ್ದ ನಾಲ್ವರೂ ಅವರ ಹಳೆಯ ವಿದ್ಯಾರ್ಥಿಗಳು. ನಾಲ್ವರೂ ಎದ್ದು ನಿಂತರು. ಅದರಲ್ಲೊಬ್ಬನಿಗೆ ಮೊಮ್ಮಕ್ಕಳಿದ್ದಾರೆ, ಅವನೂ ಗ್ಲಾಸನ್ನು ಬೆನ್ನ ಹಿಂದೆ ಹಿಡಿದುಕೊಂಡ. ಮೇಷ್ಟ್ರು ಖಾಲಿ ಕ್ರೇಟಿನ ಮೇಲೆ ಕೂತು ನೀರು ಕೇಳಿದರು. ಗ್ಲಾಸು ತೊಳೆದದ್ದೇ ತಾನೇ ಎಂದು ಕೇಳಿ ಕುಡಿದರು.

‘ಇಪ್ಪತ್ತಾರು ವರ್ಷ ನಿನ್ನನ್ನ ಬೈದಿದ್ದೀನಿ ಕಣಯ್ಯ. ಈಗ ನೋಡಿದ್ರೆ ನಮ್ಮಿಬ್ಬರಿಗೂ ಬೇಕಾಗಿರೋದು ಒಂದೇ’ ಅಂದರು. ಊರಿಗೆ ಬಿಯರು ಬರಬಾರದು ಎಂದು ಅವರಿಗೂ ಆಸೆ, ನನಗೂ ಆಸೆ. ಅವರ ಸಂಘ ಒಂದು ಆಕ್ಷೇಪಣೆ ಕೊಡುತ್ತದಂತೆ, ನಾನೊಂದು ಕೊಡಬೇಕಂತೆ. ಹೊರಡುವಾಗ ನಿನ್ನನ್ನು ನೆನೆದರು. ‘ತಂಗೀನ ಚರಂಡಿ ಕಡೆ ನಡೆಸಿ ನೀನು ರಸ್ತೆ ಕಡೆ ನಡೀತಿದ್ದೆ. ಗಾಡಿ ತಗಲಬಾರದು ಅಂತ. ಅವಳು ಎರಡು ಸಲ ಚರಂಡೀಗೆ ಬಿದ್ದಳು’ ಅಂದರು. ನನಗೆ ಮೂರು ಸಲ ಎಂದು ನೆನಪು.

ನಿಜ ಹೇಳಬೇಕೆಂದರೆ ಮೇಷ್ಟ್ರು ಅಂದು ನಿಷೇಧ ತರದಿದ್ದರೆ ನನ್ನ ಅಂಗಡಿಯೇ ಇರುತ್ತಿರಲಿಲ್ಲ. ಊರ ಗಡಿಕಲ್ಲಿನಿಂದ ನನ್ನ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಆ ಹದಿನಾಲ್ಕು ಹೆಜ್ಜೆಯ ಮೇಲೆ ಇಪ್ಪತ್ತಾರು ವರ್ಷ ಸಂಸಾರ ನಡೆಸಿದ್ದೇನೆ. ಕಲ್ಲು ಪುರಸಭೆಯದು, ವರ್ಷಕ್ಕೊಮ್ಮೆ ಅದಕ್ಕೆ ಸುಣ್ಣ ಬಳಿಯುವವನು ನಾನು. ಈಗ ಐವತ್ತೆಂಟು ನನಗೆ. ಹೊಸ ಕಸುಬು ಕಲಿಯುವ ವಯಸ್ಸಲ್ಲ. ಈ ಅಂಗಡಿ ಹೋದರೆ ನನಗೆ ಬೇರೆ ದಾರಿ ಕಾಣುವುದಿಲ್ಲ.

ನೀನು ಮನೆ ಬದಲಾಯಿಸಿದ್ದೀಯ ಎಂದು ಕೇಳಿದೆ. ವಿಳಾಸ ಗೊತ್ತಿಲ್ಲ. ನಿನ್ನ ಕೈಗೇ ಕೊಡು ಎಂದು ಪೋಸ್ಟ್‌ಮ್ಯಾನ್‌ಗೆ ಹೇಳಿ ಇದನ್ನು ಕಳಿಸುತ್ತಿದ್ದೇನೆ. ಹೇಗಿದ್ದೀಯ?

ನಿನ್ನ ಅಣ್ಣ


ಪುರಸಭೆ ಕಚೇರಿ
ಫೆಬ್ರುವರಿ 18

ಅಣ್ಣನಿಗೆ,

ಪೋಸ್ಟ್‌ಮ್ಯಾನ್ ನಿನ್ನ ಪತ್ರವನ್ನು ಇಡೀ ಶಾಖೆಯ ಎದುರು ನನ್ನ ಮೇಜಿನ ಮೇಲಿಟ್ಟು, ‘ಅಣ್ಣಂದು’ ಎಂದು ಹೇಳಿ ಹೋದ. ಇನ್ನೊಮ್ಮೆ ಹಾಗೆ ಕಳಿಸಬೇಡ. ಪರವಾನಗಿ ಶಾಖೆಯವಳಿಗೆ ಬಿಯರ್ ಅಂಗಡಿಯವನು ಗುಟ್ಟಾಗಿ ಪತ್ರ ಕಳಿಸುತ್ತಾನೆ ಎಂದರೆ ಮಾತು ಎಲ್ಲಿಗೆ ಹೋಗುತ್ತದೆ ಎಂದು ನಿನಗೆ ಗೊತ್ತು. ಆಕ್ಷೇಪಣೆಯನ್ನು ಲಕೋಟೆಯಲ್ಲಿಟ್ಟು ಆವಕ ವಿಭಾಗಕ್ಕೆ ಅಂಚೆಯಲ್ಲಿ ಹಾಕು. ಅಲ್ಲಿರುವ ಗುಮಾಸ್ತರಿಗೆ ನಾವು ಮುದ್ರೆ ಮಾಮ ಎಂದು ಹೆಸರಿಟ್ಟಿದ್ದೇವೆ. ಕೈಗೆ ಸಿಕ್ಕ ಕಾಗದಕ್ಕೆಲ್ಲ ಮುದ್ರೆ ಒತ್ತುತ್ತಾರೆ. ಹೋದ ತಿಂಗಳು ಅವರ ಹೆಂಡತಿ ಕೊಟ್ಟ ಸಾಮಾನಿನ ಚೀಟಿಗೂ ಒತ್ತಿ ನಂಬರು ಹಾಕಿದ್ದರು.

ಇನ್ನೊಂದು ಮಾತು. ನಾನು ನೋಟಿಸಿನ ಕೆಳಗೆ ಎರಡು ಸಾಲು ಬರೆದೆನೆಂದು ಜಗಳ ಮುಗಿಯಿತು ಎಂದುಕೊಳ್ಳಬೇಡ. ‘ಕೊನೇ ಬಾಟ್ಲಿ ಕೊಟ್ಟೋನು ನೀನೇ’ ಎಂದು ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿನಗೆ ಹೇಳಿದ್ದೆ. ಆ ಮಾತನ್ನು ನಾನಿನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ. ನನ್ನ ಗಂಡ ನಿನ್ನ ಅಂಗಡಿಯಿಂದ ಹೊರಟು ಹತ್ತು ನಿಮಿಷಕ್ಕೆ ಸೇತುವೆಯ ಮೇಲೆ ಲಾರಿಗೆ ಸಿಕ್ಕಿ ಹೋದರು. ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವರ ಮನೆಯಲ್ಲೇ ಅಡುಗೆಮನೆಯ ನಲ್ಲಿ ಹದಿನೈದು ದಿನದಿಂದ ಸೋರುತ್ತಿತ್ತು. ಇವತ್ತು ಬೇಗ ಬಂದು ಸರಿಮಾಡಿ ಎಂದು ಬೆಳಿಗ್ಗೆ ಹೇಳಿ ಕಳಿಸಿದ್ದೆ. ಅದನ್ನು ಮರೆತು ನಿನ್ನ ಬೆಂಚಿನ ಮೇಲೆ ಕೂತಿದ್ದರು. ಮರೆತದ್ದು ಅವರು, ಕೂರಿಸಿಕೊಂಡದ್ದು ನೀನು. ನನಗೆ ಇಬ್ಬರ ಮೇಲೂ ಸಿಟ್ಟಿದೆ. ಅವರ ಮೇಲೆ ತೋರಿಸಲಿಕ್ಕೆ ಅವರಿಲ್ಲ.

ಆದರೂ ನೋಟಿಸಿನ ಕೆಳಗೆ ಯಾಕೆ ಬರೆದೆ ಎಂದರೆ ಅತ್ತಿಗೆಯ ಹೊಟ್ಟೆಯ ಮೇಲೆ ಹೊಡೆಯುವುದು ನನ್ನಿಂದಾಗದು. ಅಷ್ಟೇ. ಆಕ್ಷೇಪಣೆ ಬಿಟ್ಟು ಬೇರೇನೂ ಬರೆಯಬೇಡ.

ಗುಮಾಸ್ತೆ, ಪರವಾನಗಿ ಶಾಖೆ


ಸೇತುವೆ ತುದಿ
ಮಾರ್ಚ್ 9

ಪುರಸಭೆಯ ಅಧ್ಯಕ್ಷರಿಗೆ,

ಸೇತುವೆ ತುದಿಯ ಬಿಯರ್ ಅಂಗಡಿಯವನ ಅರಿಕೆ. ನಾನು ಇಪ್ಪತ್ತಾರು ವರ್ಷದಿಂದ ಕಾನೂನು ಪ್ರಕಾರ ವ್ಯಾಪಾರ ಮಾಡುತ್ತಿದ್ದೇನೆ. ಒಂದು ದೂರೂ ಇಲ್ಲ. ದಿನಸಿ ಅಂಗಡಿಗಳಲ್ಲಿ ಬೇಳೆ ಸಕ್ಕರೆಯ ಪಕ್ಕ ಬಿಯರು ಇಟ್ಟರೆ ನಮ್ಮ ಮೂರು ಅಂಗಡಿಗಳಿಗೆ ಯಾರೂ ಬರುವುದಿಲ್ಲ. ಮೂರು ಸಂಸಾರ ಬೀದಿಗೆ ಬರುತ್ತವೆ. ಮೂವತ್ತೊಂದು ವರ್ಷ ಊರಿಗೆ ಒಗ್ಗಿದ ನಿಷೇಧ ಹಾಗೆಯೇ ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಬಿಯರ್ ಅಂಗಡಿ ಮಾಲೀಕ

ತಂಗೀ,

ಮೇಲಿನ ಹಾಳೆ ಕಚೇರಿಗೆ. ಇಲ್ಲಿಂದ ಮುಂದಿನದು ನಿನಗೆ, ತೆಗೆದಿಟ್ಟುಕೋ. ಬೇರೇನೂ ಬರೆಯಬೇಡ ಅಂದಿದ್ದೀಯ. ಆದರೆ ಭಾವ ನಿನ್ನ ಮಾತು ಮರೆತು ಕೂತಿದ್ದ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಭಾವ ಮರೆತಿರಲಿಲ್ಲ.

ಆ ದಿನ ಅವನು ಬಂದದ್ದು ಐದೂವರೆಗೆ. ಎಂದಿನಂತೆ ಕಿಟಕಿಯ ಪಕ್ಕದ ಬೆಂಚನ್ನು ಒರೆಸಿಟ್ಟಿದ್ದೆ. ಅಲ್ಲಿಂದ ನದಿಯಾಚೆ ಊರಿನ ನೀರಿನ ಟ್ಯಾಂಕು ಕಾಣುತ್ತದೆ, ಟ್ಯಾಂಕು ತುಂಬಿ ಹರಿದರೆ ಗ್ಲಾಸು ಬಿಟ್ಟು ಓಡುತ್ತಿದ್ದ. ಅವನು ನನ್ನನ್ನು ಭಾವ ಎನ್ನುತ್ತಿದ್ದ, ನಾನು ಅವನನ್ನು ಭಾವ ಎನ್ನುತ್ತಿದ್ದೆ. ಅಂಗಡಿಗೆ ಹೊಸದಾಗಿ ಬಂದವರಿಗೆ ಯಾರು ಯಾರ ಭಾವ ಎಂದು ತಿಳಿಯುತ್ತಿರಲಿಲ್ಲ. ಆ ದಿನ ಅವನು ಬೆಂಚಿನ ಕಡೆ ಹೋಗಲೇ ಇಲ್ಲ. ಜೇಬಿನಿಂದ ಒಂದು ರಬ್ಬರ್ ವಾಷರ್ ತೆಗೆದು ನನ್ನ ಕೌಂಟರಿನ ಮೇಲಿಟ್ಟ.

‘ನೋಡು ಭಾವ, ಇವತ್ತು ಇದನ್ನ ಹಾಕ್ಲಿಲ್ಲ ಅಂದ್ರೆ ನಿನ್ನ ತಂಗಿ ನನ್ನನ್ನ ಮನೆಯೊಳಗೆ ಸೇರಿಸಲ್ಲ. ಎರಡು ಬಾಟ್ಲಿ ಕಟ್ಟಿಕೊಡು. ಮನೇಲೇ ಕೂತು ನಿಧಾನಕ್ಕೆ ಕುಡೀತೀನಿ’ ಅಂದ.

ನಾನು ಆಗುವುದಿಲ್ಲ ಅಂದೆ. ಅವನಿಗೆ ನಗು ಬಂತು. ‘ನಾನೇನು ಹೊರಗಿನೋನಾ?’ ಅಂದ. ‘ಹೊರಗಿನೋನಾಗಿದ್ರೆ ಕೊಡ್ತಿದ್ದೆನೇನೋ’ ಅಂದೆ.

ನಿನಗೆ ನಿಯಮ ಗೊತ್ತು, ಅದನ್ನು ಟೈಪ್ ಮಾಡಿ ನಮ್ಮ ಮೂರೂ ಅಂಗಡಿಗಳಿಗೆ ಕಳಿಸಿದವಳು ನೀನು. ಗಡಿಯೊಳಗೆ ಬಾಟಲಿ ತಂದವನಿಗೆ ದಂಡ, ಕಟ್ಟಿಕೊಟ್ಟವನ ಪರವಾನಗಿ ರದ್ದು. ಬೇರೆಯವರ ಮನೆಯಲ್ಲಿ ಸಿಕ್ಕಿದ್ದರೆ ನನ್ನ ಅಂಗಡಿ ಹೋಗುತ್ತಿತ್ತು. ಪರವಾನಗಿ ಶಾಖೆಯವಳ ಮನೆಯಲ್ಲಿ ಅವಳ ಅಣ್ಣನ ಅಂಗಡಿಯ ಬಾಟಲಿ ಸಿಕ್ಕಿದರೆ ಮೊದಲು ಹೋಗುವುದು ನಿನ್ನ ಕೆಲಸ. ನೀವಿದ್ದ ಆ ಇಪ್ಪತ್ತು ಮನೆಯ ಬೀದಿಯಲ್ಲಿ ಯಾರ ಚೀಲದಲ್ಲಿ ಏನಿದೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಅದಕ್ಕೇ ಊರಿನವರು ಯಾರಿಗೂ ನಾನು ಒಂದು ದಿನವೂ ಬಾಟಲಿ ಕಟ್ಟಿಕೊಟ್ಟವನಲ್ಲ. ಭಾವನಿಗಂತೂ ಮೊದಲೇ ಇಲ್ಲ.

ಅವನು ಗಡಿಯಾರ ನೋಡಿದ. ‘ಸರಿ ಬಿಡು, ಇಲ್ಲೇ ಮುಗಿಸ್ತೀನಿ’ ಎಂದು ನಿಂತುಕೊಂಡೇ ಎರಡನ್ನೂ ಗಟಗಟ ಕುಡಿದ. ಒಂದೂವರೆ ಗಂಟೆ ಕೂತು ಕುಡಿಯುವ ಮನುಷ್ಯ, ಹತ್ತು ನಿಮಿಷಕ್ಕೆ ಮುಗಿಸಿದ. ವಾಷರ್ ಜೇಬಿಗೆ ಹಾಕಿಕೊಂಡು ಹೆಚ್ಚುಕಡಿಮೆ ಓಡುತ್ತಲೇ ಹೋದ. ಸೇತುವೆಯ ಮೇಲೆ ಬದಿಯಲ್ಲಿ ನಡೆಯಲು ಜಾಗವಿಲ್ಲ ಎಂದು ನಿನಗೆ ಗೊತ್ತು. ಆಮೇಲಿನದೂ ಗೊತ್ತು.

ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ. ಬಿಯರನ್ನು ಹೊಟ್ಟೆಯಲ್ಲಿಟ್ಟುಕೊಂಡು ಗಡಿ ದಾಟಬಹುದು, ಕೈಯಲ್ಲಿ ಹಿಡಿದು ದಾಟಬಾರದು. ಹಾಗಾಗಿ ಬಂದವರೆಲ್ಲ ಕತ್ತಲಾಗುವ ಮೊದಲು ಹೋಗಬೇಕೆಂದು ಬೇಗ ಬೇಗ ಖಾಲಿ ಮಾಡಿ ಎದ್ದು ಹೋಗುತ್ತಾರೆ. ನಾನು ಅವರು ಕಲ್ಲು ದಾಟುವವರೆಗೆ ನೋಡಿ ಒಳಗೆ ಬರುತ್ತೇನೆ, ಅದರಾಚೆ ನೋಡುವುದಿಲ್ಲ. ನಿಷೇಧ ಇರಲಿ ಎಂದು ಮೇಲಿನ ಹಾಳೆಯಲ್ಲಿ ಬರೆದದ್ದು ಹೊಟ್ಟೆಪಾಡಿಗೆ. ಆ ನಿಯಮ ಇಲ್ಲದಿದ್ದರೆ ಭಾವ ಅವತ್ತು ಆರು ಗಂಟೆಗೆ ನಿನ್ನ ನಲ್ಲಿಯ ಕೆಳಗೆ ಕೂತಿರುತ್ತಿದ್ದ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಇದನ್ನೇ ಹೇಳಬೇಕೆಂದಿದ್ದೆ. ಹೇಳಿದ್ದರೆ ನೀನು ಟೈಪ್ ಮಾಡಿದ ಕಾಗದವನ್ನೇ ನಿನ್ನ ಮುಖಕ್ಕೆ ಹಿಡಿದ ಹಾಗಾಗುತ್ತಿತ್ತು. ನನ್ನನ್ನೇ ಬೈದುಕೊಳ್ಳಲಿ ಎಂದು ಸುಮ್ಮನಾದೆ. ಅದು ತಪ್ಪೋ ಸರಿಯೋ ನನಗೆ ಇವತ್ತಿಗೂ ತಿಳಿಯದು.

ನಿನ್ನ ಅಣ್ಣ


ಪುರಸಭೆ ಕಚೇರಿ
ಮಾರ್ಚ್ 12

ಅಣ್ಣಾ,

ಎಂಥ ಕೆಲಸ ಮಾಡಿದೆ. ಆಕ್ಷೇಪಣೆಯನ್ನೂ ನನಗೆ ಬರೆದ ಪತ್ರವನ್ನೂ ಒಂದೇ ನೋಟುಬುಕ್ಕಿನ ಹಾಳೆಗಳಲ್ಲಿ ಬರೆದು, ಒಟ್ಟಿಗೇ ಮಡಚಿ, ಒಂದೇ ಲಕೋಟೆಯಲ್ಲಿಟ್ಟು ಕಳಿಸಿದ್ದೀಯ. ಮುದ್ರೆ ಮಾಮ ಲಕೋಟೆ ಒಡೆದು ನಾಲ್ಕು ಹಾಳೆಗೂ ಮುದ್ರೆ ಒತ್ತಿ, ಪುಟ ಒಂದರಿಂದ ನಾಲ್ಕು ಎಂದು ನಂಬರು ಹಾಕಿ, ಮೂಲೆಯಲ್ಲಿ ದಾರ ಪೋಣಿಸಿ ಕಡತಕ್ಕೆ ಸೇರಿಸಿದ್ದಾರೆ. ‘ತಂಗೀ ಅಂತ ಇದೆಯಲ್ಲ, ನೋಡಲಿಲ್ವಾ?’ ಎಂದರೆ, ‘ಓದೋದು ನನ್ನ ಕೆಲಸ ಅಲ್ಲಮ್ಮ’ ಅಂದರು. ಈಗ ಅದು ಆಕ್ಷೇಪಣೆ ಸಂಖ್ಯೆ ಹದಿನೇಳು. ನಾಲ್ಕೂ ಪುಟ ಸಭೆಯಲ್ಲಿ ಓದಬೇಕು. ಓದುವುದು ಪರವಾನಗಿ ಶಾಖೆಯವರು, ಅಂದರೆ ನಾನು.

ನಾನು ಮೊದಲ ಹಾಳೆ ಮಾತ್ರ ಓದಿದ್ದೇನೆ. ಎರಡನೆಯದರಲ್ಲಿ ‘ಭಾವ’ ಎಂಬ ಪದ ಕಣ್ಣಿಗೆ ಬಿದ್ದ ಕೂಡಲೇ ಮುಚ್ಚಿಟ್ಟೆ. ಏನು ಬರೆದಿದ್ದೀಯೋ ನನಗೆ ಗೊತ್ತಿಲ್ಲ, ಕಚೇರಿಯಲ್ಲಿ ಕೂತು ಓದುವ ಧೈರ್ಯವೂ ಇಲ್ಲ.

ಮುದ್ರೆ ಬಿದ್ದ ಕಾಗದದಿಂದ ಒಂದು ಹಾಳೆ ಕಿತ್ತುಕೊಳ್ಳಲು ನನಗೆ ಅಧಿಕಾರವಿಲ್ಲ. ಬರೆದವನು ಪೂರ್ತಿ ಹಿಂತೆಗೆದುಕೊಳ್ಳಬಹುದು. ಇದರ ಜೊತೆ ಎರಡು ಕಾಗದ ಇಟ್ಟಿದ್ದೇನೆ. ಒಂದು ಹಿಂತೆಗೆದುಕೊಳ್ಳುವ ಅರ್ಜಿ, ಸಹಿ ಹಾಕಿದರೆ ಸಾಕು. ಇನ್ನೊಂದು ಖಾಲಿ ಹಾಳೆ, ಅದರಲ್ಲಿ ಮೊದಲ ಪುಟದ್ದನ್ನು ಮಾತ್ರ ನೆನಪಿನಿಂದ ಮತ್ತೆ ಬರೆದು ಕೊಡು. ಹದಿನೈದರ ಸಂಜೆ ಐದರೊಳಗೆ ಬಂದರೆ ನಿನ್ನ ಆಕ್ಷೇಪಣೆಯೂ ಉಳಿಯುತ್ತದೆ, ಮನೆಯ ಮಾತೂ ಮನೆಯಲ್ಲೇ ಉಳಿಯುತ್ತದೆ. ಪೋಸ್ಟ್‌ಮ್ಯಾನ್ ಕೈಯಲ್ಲೇ ಕಳಿಸು, ಯಾರು ಏನು ಬೇಕಾದರೂ ಅನ್ನಲಿ.

ತಂಗಿ


ಸೇತುವೆ ತುದಿ
ಮಾರ್ಚ್ 14

ತಂಗೀ,

ಎರಡು ಕಾಗದವೂ ಬಂದವು. ಸಹಿ ಹಾಕದೆ ವಾಪಸು ಕಳಿಸುತ್ತಿದ್ದೇನೆ.

ನಿನ್ನೆಯೆಲ್ಲ ಅವನ್ನು ಕೌಂಟರಿನ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಬಿಯರ್ ಅಂಗಡಿಯವನು, ನಾವೆಲ್ಲ ಡ್ರಮ್ಮು ಅನ್ನುವವನು, ನಿನಗೆ ಗೊತ್ತಲ್ಲ, ಅವನ ಹೊಟ್ಟೆ ಈಗ ಇನ್ನೂ ಮುಂದಕ್ಕೆ ಬಂದಿದೆ. ಅವನು ಬಂದು, ‘ಬೇಗ ಸಹಿ ಹಾಕು ಮಾರಾಯ, ನಿನ್ನ ಸಂಸಾರದ ಕಥೆ ಓದಿಸಿ ನಮ್ಮ ಕಥೆ ಮುಗಿಸಬೇಡ’ ಅಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅತ್ತಿಗೆಗೆ ಹಿಂದಿನ ಮೂರು ಹಾಳೆಯಲ್ಲಿ ಏನಿದೆ ಎಂದು ನಿನ್ನೆ ಹೇಳಿದೆ. ಅವಳಿಗೂ ಇಷ್ಟು ವರ್ಷ ಹೇಳಿರಲಿಲ್ಲ. ಕೇಳಿ ಅತ್ತಳು. ಅತ್ತಾದ ಮೇಲೆ ಸಹಿ ಹಾಕಿ ಎಂದು ಅವಳೂ ಹೇಳಿದಳು.

ಪೆನ್ನು ಎತ್ತಿಕೊಂಡೆ. ಮೊದಲ ಪುಟವನ್ನು ಮತ್ತೆ ಬರೆಯಲು ಶುರುಮಾಡಿ ‘ಒಂದು ದೂರೂ ಇಲ್ಲ’ ಎಂಬಲ್ಲಿಗೆ ಬಂದಾಗ ಮುಂದೆ ಬರೆಯಲಾಗಲಿಲ್ಲ. ಮೊದಲ ಹಾಳೆ ಬರೆದವನು ಅಂಗಡಿಯವನು. ಉಳಿದ ಮೂರನ್ನು ಬರೆದದ್ದು ನಾನು. ಅಂಗಡಿಯವನ ಮಾತು ಸಭೆಯಲ್ಲಿ ಓದುವುದಾದರೆ ನನ್ನದನ್ನೂ ಓದಲಿ. ನನ್ನದನ್ನು ಮುಚ್ಚಿಟ್ಟು ಅವನದನ್ನು ಮಾತ್ರ ಕಳಿಸಿದರೆ ನಿಷೇಧ ಉಳಿಯಬಹುದು, ಅಂಗಡಿಯೂ ಉಳಿಯಬಹುದು. ದಿನಾ ಸಂಜೆ ಆ ಕಿಟಕಿ ಪಕ್ಕದ ಬೆಂಚು ಒರೆಸುವವನು ನಾನೇ ತಾನೇ.

ನಿನ್ನ ಕೈಯಲ್ಲಿ ಓದಿಸುವುದು ನನಗೆ ಸಂಕಟ. ಬೇರೆ ಯಾರಾದರೂ ಓದಲಿ ಎಂದು ಕೇಳಿಕೋ.

ಅಣ್ಣ


ಊರು
ಮಾರ್ಚ್ 30

ಅಣ್ಣಾ,

ನೀನು ಸಭೆಗೆ ಬರಲಿಲ್ಲ. ಬರುವುದಿಲ್ಲ ಎಂದು ನನಗೂ ಅನ್ನಿಸಿತ್ತು. ಆದದ್ದು ಹೇಳುತ್ತೇನೆ.

ಸಭಾಂಗಣದಲ್ಲಿ ಒಂಬತ್ತು ಜನ ಸದಸ್ಯರು, ಕುರ್ಚಿಗಳಲ್ಲಿ ನಲವತ್ತು ಜನ, ಬಾಗಿಲ ಬಳಿ ನಿಂತವರು ಬೇರೆ. ಹದಿನಾರು ಆಕ್ಷೇಪಣೆ ಓದುವಷ್ಟರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಹದಿನೇಳನೆಯದು ಕೈಗೆತ್ತಿಕೊಂಡಾಗ ಅಧ್ಯಕ್ಷರು, ನಿಮ್ಮ ಅಣ್ಣನದಲ್ಲವೇ, ಬೇಕಾದರೆ ಪುರಸಭೆಯ ಎಂಜಿನಿಯರು ಓದುತ್ತಾರೆ ಎಂದರು. ಕೊಟ್ಟುಬಿಡಬೇಕೆಂದೇ ಇದ್ದೆ. ಎಂಜಿನಿಯರು ಕೈ ಚಾಚಿದರು. ಆ ಕೈ ನೋಡಿದ ಮೇಲೆ, ನನ್ನ ಗಂಡನ ವಿಷಯವನ್ನು ಇನ್ನೊಬ್ಬರ ಬಾಯಲ್ಲಿ ಎಲ್ಲರ ಜೊತೆ ಕೂತು ಕೇಳುವುದಕ್ಕಿಂತ ನಾನೇ ಓದುವುದು ವಾಸಿ ಎನ್ನಿಸಿತು. ನನ್ನ ಕೆಲಸ, ನಾನೇ ಓದುತ್ತೇನೆ ಎಂದೆ.

ಹಾಗಾಗಿ ನಿನ್ನ ಮೂರು ಹಾಳೆಗಳನ್ನು ನಾನು ಮೊದಲ ಸಲ ಓದಿದ್ದು ಅಷ್ಟು ಜನರ ಎದುರು, ಜೋರಾಗಿ, ಪುಟಸಂಖ್ಯೆ ಹೇಳಿಕೊಂಡು. ವಾಷರ್ ಎಂಬಲ್ಲಿ ನಿಲ್ಲಿಸಿದೆ. ನೀರು ಕುಡಿದು ಮತ್ತೆ ಓದಿದೆ. ‘ಅದನ್ನು ಟೈಪ್ ಮಾಡಿ ನಮ್ಮ ಮೂರೂ ಅಂಗಡಿಗಳಿಗೆ ಕಳಿಸಿದವಳು ನೀನು’ ಎಂಬುದನ್ನೂ ಓದಿದೆ. ಯಾರೂ ತೂಕಡಿಸುತ್ತಿರಲಿಲ್ಲ. ಮುಗಿದಾಗ ಮುದ್ರೆ ಮಾಮ ಹಿಂದಿನ ಸಾಲಿನಲ್ಲಿ ಎದ್ದು ನಿಂತಿದ್ದರು, ಯಾಕೆಂದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಆಮೇಲೆ ಎರಡೂ ಕಡೆಯವರು ನಿನ್ನ ಪತ್ರ ತಮ್ಮದು ಎಂದರು. ಮೇಷ್ಟ್ರು, ಕುಡಿತದಿಂದ ಒಂದು ಜೀವ ಹೋಯಿತು ಎಂದು ಅಂಗಡಿಯವನೇ ಒಪ್ಪಿದ್ದಾನೆ, ಇದಕ್ಕಿಂತ ಸಾಕ್ಷಿ ಬೇಕೇ ಎಂದರು. ಇನ್ನೊಂದು ಕಡೆಯವರು, ನಿಷೇಧದಿಂದ ಹೋಯಿತು ಎಂದು ಅದೇ ಪುಟವನ್ನು ಎತ್ತಿ ತೋರಿಸಿದರು. ಕೊನೆಗೆ ಕೈ ಎತ್ತಿಸಿದಾಗ ತೆಗೆಯಬೇಕೆಂದವರು ಐವರು, ಬೇಡವೆಂದವರು ನಾಲ್ವರು. ಐದನೆಯ ಕೈ ಎತ್ತಿದ ಸದಸ್ಯೆ ಅಲ್ಲಿಯವರೆಗೆ ಮೇಷ್ಟ್ರ ಕಡೆಯಿದ್ದವರು. ನಿನ್ನ ಪತ್ರ ಇಲ್ಲದಿದ್ದರೆ ಆ ಕೈ ಏಳುತ್ತಿರಲಿಲ್ಲ. ಇದು ನಿನಗೆ ಗೊತ್ತಿರಲಿ.

ಇನ್ನು ನನ್ನ ಮಾತು. ಆ ವಾಷರ್ ನನ್ನ ಹತ್ತಿರ ಇದೆ. ಆಸ್ಪತ್ರೆಯವರು ಕೊಟ್ಟ ಪೊಟ್ಟಣದಲ್ಲಿ ಬೀಗದ ಕೈಯ ಜೊತೆ ಇತ್ತು. ಅವರ ಜೇಬಿನಲ್ಲಿ ಯಾವಾಗಲೂ ಅಂಥವು ಇರುತ್ತಿದ್ದವು, ಅದೂ ಅಂಥದ್ದೇ ಒಂದು ಎಂದು ಡಬ್ಬಿಗೆ ಹಾಕಿಟ್ಟೆ. ನಮ್ಮ ಮನೆಗೆಂದೇ ತೆಗೆದುಕೊಂಡದ್ದು ಎಂದು ನನಗೆ ಹೇಳುವವರು ಯಾರಿದ್ದರು? ನನ್ನ ಮಾತಿಗೆ ಕಿವಿಗೊಡದೆ ಹೋದ ಮನುಷ್ಯ ಎಂದು ಏಳು ವರ್ಷ ಅವರ ಮೇಲೆ ಸಿಟ್ಟು ಮಾಡಿಕೊಂಡು ಬದುಕಿದೆ, ಅಣ್ಣಾ. ಅವರ ಫೋಟೋಗೆ ಬೆನ್ನು ತಿರುಗಿಸಿ ಊಟ ಮಾಡಿದ ದಿನಗಳಿವೆ. ನೀನು ಒಂದು ಮಾತು ಹೇಳಿದ್ದರೆ ಅಷ್ಟು ಸಿಟ್ಟು ತಪ್ಪುತ್ತಿತ್ತು. ನನ್ನನ್ನು ಕಾಪಾಡಲು ಹೋಗಿ ನನ್ನಿಂದ ಅದನ್ನೇ ಮುಚ್ಚಿಟ್ಟೆ.

ಸದ್ಯಕ್ಕೆ ಬರೆಯಬೇಡ. ನಾನೇ ಬರೆಯುತ್ತೇನೆ, ಯಾವಾಗ ಎಂದು ಗೊತ್ತಿಲ್ಲ.

ತಂಗಿ


ಪುರಸಭೆ ಕಚೇರಿ, ಪರವಾನಗಿ ಶಾಖೆ
ಏಪ್ರಿಲ್ 17

ಮಾಲೀಕರಿಗೆ,
ಬಿಯರ್ ಅಂಗಡಿ, ಸೇತುವೆಯ ಆಚೆ ತುದಿ

ಜೂನ್ 1ರಿಂದ ಊರ ಗಡಿಯೊಳಗೆ ಬಿಯರ್ ಮಾರಾಟದ ನಿಷೇಧವೂ ಬಾಟಲಿ ಒಯ್ಯುವ ನಿಷೇಧವೂ ರದ್ದಾಗುತ್ತವೆ ಎಂದು ತಿಳಿಸಲಾಗಿದೆ. ತಮ್ಮ ಪರವಾನಗಿ ಈಗಿರುವಂತೆಯೇ ಮುಂದುವರಿಯುತ್ತದೆ. ಮುಚ್ಚಳ ತೆಗೆಯದ ಬಾಟಲಿಗಳನ್ನು ಒಯ್ಯಲು ಮಾರುವುದಕ್ಕೆ ತಮಗೂ ಅನುಮತಿ ಇದೆ.

ಗುಮಾಸ್ತೆ, ಪರವಾನಗಿ ಶಾಖೆ


ಸೇತುವೆ ತುದಿ
ಜೂನ್ 9

ತಂಗೀ,

ಬರೆಯಬೇಡ ಅಂದಿದ್ದೆ. ಏಪ್ರಿಲಿನ ನೋಟಿಸಿನ ಕೆಳಗೆ, ಹಿಂದೆ, ಲಕೋಟೆಯ ಒಳಗೆ ಎಲ್ಲಾ ಹುಡುಕಿದೆ, ಕೈಬರಹ ಇರಲಿಲ್ಲ. ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇವತ್ತು ಗಿರಾಕಿ ಒಬ್ಬನೂ ಇಲ್ಲ, ಮಾತಾಡಲು ಡ್ರಮ್ಮೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದನೇ ತಾರೀಖಿನಿಂದ ನೊಣ ಹೊಡೆಯುತ್ತಾ ಕೂತಿದ್ದೇನೆ. ಮೊದಲ ದಿನ ಏಳು ಜನ ಬಂದರು, ಹಳೆಯ ಸ್ನೇಹಕ್ಕೆ. ಎರಡನೇ ದಿನ ಮೂವರು. ನಿನ್ನೆ ಬಂದವನೊಬ್ಬ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿ ಹೋದ. ಡ್ರಮ್ಮು ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟುಹೋದ. ಹೋಗುವಾಗ ನನ್ನ ಮುಖ ನೋಡಲಿಲ್ಲ. ಇಪ್ಪತ್ತು ವರ್ಷ ಒಬ್ಬರ ಐಸು ಇನ್ನೊಬ್ಬರು ಕೇಳಿಕೊಂಡು ಬದುಕಿದವರು ನಾವು. ಅದರಿಂದ ನನಗೆ ಅಂಗಡಿಯ ಗತಿಗಿಂತ ಹೆಚ್ಚು ನೋವಾಯಿತು. ಅತ್ತಿಗೆ, ‘ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ, ಅದೂ ಸುಣ್ಣ ಬಳಿದ ಕಲ್ಲು’ ಎಂದಳು. ಹೇಳಿ ಅವಳೇ ನಕ್ಕಳು, ಆಮೇಲೆ ನಾನೂ ನಕ್ಕೆ.

ಊರಿನ ದೊಡ್ಡ ದಿನಸಿ ಅಂಗಡಿಯವನು ಬಂದಿದ್ದ. ಅವನು ಬಾಟಲಿಗಳನ್ನು ಬಿಸಿಲು ಬೀಳುವ ಕಪಾಟಿನಲ್ಲಿ, ಸೋಪಿನ ಪಕ್ಕ ಜೋಡಿಸಿದ್ದನಂತೆ. ಕುಡಿದವರೆಲ್ಲ ಸೋಪು ವಾಸನೆ ಎಂದರಂತೆ. ನನ್ನ ಎರಡು ಫ್ರಿಜ್ಜು ಕೊಳ್ಳುತ್ತಾನಂತೆ, ಜೊತೆಗೆ ಅವನ ಅಂಗಡಿಯ ತಣ್ಣನೆ ಕೌಂಟರು ನಾನೇ ನೋಡಿಕೊಳ್ಳಬೇಕಂತೆ. ಹಳೆಯ ಬಾಟಲಿ ಮುಂದೆ, ಹೊಸದು ಹಿಂದೆ, ಮೊದಲು ಐಸು ನೀರು, ಆಮೇಲೆ ಫ್ರಿಜ್ಜು, ಇಷ್ಟು ಹೇಳಿದ್ದಕ್ಕೇ ಬಾಯಿ ಬಿಟ್ಟುಕೊಂಡು ಕೇಳಿದ. ಇಪ್ಪತ್ತಾರು ವರ್ಷ ಯಜಮಾನನಾಗಿದ್ದವನು ಇನ್ನೊಬ್ಬನ ಕೌಂಟರಿನಲ್ಲಿ ನಿಲ್ಲಬೇಕು. ತಿಂಗಳ ಕೊನೆಯವರೆಗೆ ಸಮಯ ಕೇಳಿದ್ದೇನೆ, ಒಪ್ಪುತ್ತೇನೆ ಎಂದು ಕಾಣುತ್ತದೆ. ಹೊಟ್ಟೆ ಕೇಳುವುದಿಲ್ಲ.

ಈ ವರ್ಷ ಗಡಿಕಲ್ಲಿಗೆ ಸುಣ್ಣ ಬಳಿದಿಲ್ಲ. ಸಹಿ ಹಾಕದೆ ಕಾಗದ ವಾಪಸು ಕಳಿಸಿದ್ದಕ್ಕೆ ಬೇಸರವಿದೆಯೇ ಎಂದರೆ, ಬೆಳಿಗ್ಗೆ ಬಾಗಿಲು ತೆಗೆಯುವಾಗ ಇದೆ. ಸಂಜೆ ಬೆಂಚು ಒರೆಸುವಾಗ ಇಲ್ಲ. ನೀನು ಸಿಟ್ಟು ಮಾಡಿಕೊಂಡದ್ದು ಸರಿ. ಒಂದು ಮಾತು ಹೇಳಬೇಕಿತ್ತು. ನಾನು ಹೇಳಲಿಲ್ಲ. ತಪ್ಪಾಯಿತು.

ಅಣ್ಣ


ಊರು
ಜೂನ್ 18

ಅಣ್ಣಾ,

ಲಕೋಟೆಯ ಹಿಂದೆ ಮನೆಯ ವಿಳಾಸ ಬರೆದಿದ್ದೇನೆ. ಇನ್ನು ಕಚೇರಿಗೆ ಬರೆಯಬೇಡ. ನಿನ್ನ ಹೋದ ಪತ್ರಕ್ಕೂ ಮುದ್ರೆ ಮಾಮ ಮುದ್ರೆ ಒತ್ತಲು ಹೊರಟಿದ್ದರು. ಮೇಲೆ ‘ತಂಗೀ’ ಎಂದು ಕಂಡ ಮೇಲೆ ನಿಲ್ಲಿಸಿ, ಮಡಚಿ, ತಾವೇ ತಂದು ಕೊಟ್ಟರು. ಅವರು ಕೆಲಸಕ್ಕೆ ಸೇರಿದಾಗಿನಿಂದ ಓದಿದ ಮೊದಲ ಕಾಗದ ಅದೇ ಇರಬೇಕು.

ಹಳೆಯ ಮನೆಗೆ ಹೋಗಿದ್ದೆ. ಈಗ ಅಲ್ಲಿ ಇಬ್ಬರು ಮಕ್ಕಳಿರುವ ಒಂದು ಸಂಸಾರವಿದೆ. ಇಲ್ಲಿ ಮೊದಲಿದ್ದವಳು ನಾನು, ಅಡುಗೆಮನೆಯ ನಲ್ಲಿ ನೋಡಬೇಕು ಎಂದರೆ ಆ ಹೆಂಗಸು ಪಾಪ ಏನೂ ಕೇಳದೆ ಒಳಗೆ ಬಿಟ್ಟಳು. ಅವರ ಕಾಲಕ್ಕೂ ಸೋರುತ್ತಿತ್ತಂತೆ, ಹೊಸದು ಹಾಕಿಸಿದ್ದಾರೆ. ವಾಷರ್ ಮುಷ್ಟಿಯಲ್ಲೇ ಹಿಡಿದುಕೊಂಡು ಹೋಗಿದ್ದೆ, ಹಾಗೇ ಹಿಡಿದುಕೊಂಡು ವಾಪಸು ಬಂದೆ. ದಾರಿಯಲ್ಲಿ ಅತ್ತೆ. ಏಳು ವರ್ಷದಲ್ಲಿ ನನ್ನ ಗಂಡನಿಗೋಸ್ಕರ ಸಿಟ್ಟಿಲ್ಲದೆ ಅತ್ತದ್ದು ಅವತ್ತೇ.

ಆ ನಿಯಮ ಟೈಪ್ ಮಾಡಿದ ದಿನ ನೆನಪಿದೆ. ಮೂರು ಪ್ರತಿ, ಮಧ್ಯೆ ಕಾರ್ಬನ್ ಹಾಳೆ. ಒಂದು ಅಕ್ಷರ ತಪ್ಪಾಗಿ ಮತ್ತೆ ಮಾಡಿದ್ದೆ. ಅದರಿಂದ ಹೀಗಾಯಿತು ಎಂದು ನಾನು ಕೊರಗುತ್ತೇನೆ ಎಂದು ನಿನಗೆ ಭಯವಿತ್ತಲ್ಲ? ಕೊರಗುತ್ತೇನೆ. ಆದರೆ ಇಬ್ಬರು ಕೊರಗುವುದು ಒಬ್ಬಳೇ ಕೊರಗುವುದಕ್ಕಿಂತ ಹಗುರ. ‘ಕೊನೇ ಬಾಟ್ಲಿ ಕೊಟ್ಟೋನು ನೀನೇ’ ಎಂದಿದ್ದೆ. ಆ ಮಾತನ್ನು ಇವತ್ತು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಫ್ರಿಜ್ಜು ಕೊಡುವ ಮೊದಲು ಒಂದು ಕೆಲಸ ಮಾಡು. ಭಾನುವಾರ ಸಂಜೆ ಐದೂವರೆಗೆ ಬರುತ್ತೇನೆ. ಕೂರುವುದಿಲ್ಲ, ಅತ್ತಿಗೆಗೆ ಹೇಳು. ನನ್ನ ಗಂಡ ಆ ದಿನ ಕೇಳಿದ್ದನ್ನು ನನಗೆ ಕಟ್ಟಿಕೊಡು. ಎರಡು ಬಾಟಲಿ. ಈಗ ಒಯ್ಯಬಹುದು ಎಂದು ಏಪ್ರಿಲಿನಲ್ಲಿ ನಿನಗೆ ನೋಟಿಸು ಕಳಿಸಿದವಳು ನಾನೇ. ನಾನು ಕುಡಿಯುವವಳಲ್ಲ, ನಿನಗೆ ಗೊತ್ತು. ಕೈಯಲ್ಲಿ ಹಿಡಿದುಕೊಂಡು ಎಲ್ಲರೆದುರು ಆ ಕಲ್ಲು ದಾಟಿ, ಸೇತುವೆ ದಾಟಿ, ಮನೆಗೆ ತರುತ್ತೇನೆ.

ಆ ಸೇತುವೆಯ ಮೇಲೆ ಏಳು ವರ್ಷದಿಂದ ಕಾಲಿಟ್ಟಿಲ್ಲ.

ನಿನ್ನ ತಂಗಿ


ಸೇತುವೆ ತುದಿ
ಜೂನ್ 20

ತಂಗೀ,

ಬಾ. ಕೂರುವುದಿಲ್ಲ ಎಂಬ ಮಾತನ್ನು ಅತ್ತಿಗೆಗೆ ನಾನು ಹೇಳುವುದಿಲ್ಲ, ನೀನೇ ಹೇಳಿ ನೋಡು. ಅವಳು ಆಗಲೇ ಕಡಲೆಬೀಜ ಹುರಿದಿದ್ದಾಳೆ, ಕಿಟಕಿಯ ಪಕ್ಕದ ಬೆಂಚನ್ನು ನನಗೆ ಬಿಡದೆ ತಾನೇ ಒರೆಸಿದ್ದಾಳೆ.

ಎರಡು ಬಾಟಲಿ ತೆಗೆದಿಟ್ಟಿದ್ದೇನೆ, ಐಸು ನೀರಿನಲ್ಲಿ. ಇನ್ನೂ ಎರಡು ದಿನ ಇದೆ ಎಂದು ಗೊತ್ತು. ಐಸು ಬದಲಾಯಿಸುತ್ತೇನೆ.

ಒಬ್ಬಳೇ ದಾಟಬೇಡ. ಐದು ಗಂಟೆಗೆ ಊರಿನ ಕಡೆಯ ತುದಿಗೆ ಬಂದು ನಿಂತಿರುತ್ತೇನೆ. ಬರುವಾಗಲೂ ಜೊತೆಗಿರುತ್ತೇನೆ, ಹೋಗುವಾಗಲೂ. ಬಾಟಲಿ ನಿನ್ನ ಕೈಯಲ್ಲೇ ಇರಲಿ, ನಾನು ಮುಟ್ಟುವುದಿಲ್ಲ. ಸೇತುವೆಯ ಮೇಲೆ ಚರಂಡಿ ಇಲ್ಲ, ಬೀಳುವ ಭಯವಿಲ್ಲ. ನೀನು ಕಂಬಿಯ ಕಡೆ ನಡೆ. ಲಾರಿ ಬರುವ ಕಡೆ ನಾನು ನಡೆಯುತ್ತೇನೆ.

ನಿನ್ನ ಅಣ್ಣ